ವಾರಿಜಾ ಮೇಡಂ ತುಂಬಿಸಿಕೊಂಡ ಕೊನೆಯ ಬಾಟಲಿ

ನಾನು ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಬಾಟಲಿಗಳ ಚೀಲ ಹಿಡಿದು ವಾರಿಜಾ ಮೇಡಂ ಮಹಡಿಯಿಂದ ಇಳಿಯುವುದು ರೂಢಿ. ಆ ಬೆಳಿಗ್ಗೆ ಇಳಿಯಲಿಲ್ಲ. ಕಾಫಿ ತೆಗೆದುಕೊಂಡು ಹೋದರೆ, ಜ್ವರದಲ್ಲಿ ಗೋಡೆಗೊರಗಿ ಕೂತು ಖಾಲಿ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಮಧುಗಿರಿಯ ನಮ್ಮ ಮನೆಯಲ್ಲಿ ಅವರು ಬಾಡಿಗೆಗಿದ್ದದ್ದು ಬೋರ್‌ವೆಲ್ ನೀರಿನಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆಯುವ ಕೆಲಸಕ್ಕೆ. ಸಿರಾ, ಕೊರಟಗೆರೆ, ಪಾವಗಡ ಎಲ್ಲ ಬಸ್ಸಿನಲ್ಲೇ. ಬಾಟಲಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೀರೊಳಗೇ ಮುಚ್ಚಳ ತಿರುಗಿಸುವರು. ಒಂದು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬುವರು. "ವಿಕಿರಣ ಇರೋದು ಬಂಡೆಯೊಳಗಿನ ಗ್ಯಾಸಲ್ಲಿ ಕಣ್ರೀ, ಗಾಳಿ ಸಿಕ್ಕರೆ ಹೊರಟೇಬಿಡತ್ತೆ." ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್ ನೆನಪಾಗುತ್ತಿದ್ದರು.

ಪಾವಗಡದ ಸೋಲಾರ್ ಪಾರ್ಕಿನ ಬಳಿಯ ಕ್ಯಾತಗಾನಚೆರ್ಲಿನಲ್ಲಿ ಅಜ್ಜಿಯೊಬ್ಬಳು, "ಏಮಮ್ಮಾ, ಸೋಲಾರ್‌ನೋರು ಬಿಸಿಲು ತಗಂಡ್ರು, ನೀನು ನೀರೂ ತಗಂಡೋಗ್ತೀಯಾ?" ಅಂದಳಂತೆ. ಊದಿದ ಪಾದ ಒತ್ತಿಕೊಳ್ಳುತ್ತ ಅದನ್ನು ಹೇಳಿ ನಕ್ಕಿದ್ದರು. ಆ ನಗುವಿನಲ್ಲೂ ದಣಿವಿತ್ತು.

ಪಕ್ಕದ ಮನೆ ಗಂಗಮ್ಮನ ಬೋರ್‌ವೆಲ್ ನೀರಿನಲ್ಲಿ ಮೊದಲ ಸಲ ವಿಕಿರಣ ಹೆಚ್ಚು ಕಂಡಿತ್ತು. ಎರಡನೆಯ ಸಲವೂ ಹಾಗೇ ಬಂದರೆ ಕುಡಿಯಬಾರದೆಂದು ಬರೆದುಕೊಡಬಹುದು. ಕಡಿಮೆ ಬಂದರೆ ಮೊದಲಿನದು ಅಳತೆಯ ತಪ್ಪೆಂದು ಕೈಬಿಡುತ್ತಾರೆ. ಗಂಗಮ್ಮನ ಸೊಸೆ ಬಸುರಿ, ಕುಡಿಯುವುದು ಅದೇ ನೀರು. ನಾನು ಬೇಡವೆಂದರೆ ಗಂಗಮ್ಮ, "ಬೋರ್ ಕೊರ್ಸ್ದಾಗಿಂದ ಕುಡೀತಿದೀವಿ, ಏನಾಗೈತೆ ಸುಮ್ಕಿರಮ್ಮ" ಎಂದಿದ್ದಳು. ಮೇಡಂ ಅವರ ಕೆಲಸಕ್ಕೆ ಆ ಜ್ವರದ ದಿನವೇ ಕೊನೆಯ ದಿನ. ಅಳೆಯುವ ಯಂತ್ರವನ್ನು ಮರುದಿನ ವಾಪಸು ಕೊಡಬೇಕಿತ್ತು.

"ಇವತ್ತು ಕೈಲಾಗ್ತಿಲ್ಲ ಕಣ್ರೀ," ಎಂದು ಮೊದಲ ಬಾರಿಗೆ ಅವರು ಬಾಟಲಿಯನ್ನು ಬೇರೆಯವರ ಕೈಗೆ ಕೊಟ್ಟರು. ಅದನ್ನು ಗಂಗಮ್ಮನಿಗೆ ಕೊಟ್ಟು, ತುಂಬುವ ರೀತಿಯನ್ನು ನಾನೇ ಬಿಡಿಸಿ ಹೇಳಿ ಬಂದೆ. ಸ್ವಲ್ಪ ಹೊತ್ತಿಗೆ ಅವಳೇ ತಂದುಕೊಟ್ಟಳು. ಮೇಡಂ ತಲೆಕೆಳಗು ಮಾಡಿ ನೋಡಿದರು. ಒಂದೂ ಗುಳ್ಳೆಯಿರಲಿಲ್ಲ. ಅವರ ಮುಖ ಸಡಿಲವಾಯಿತು. ಅದನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಲ್ಯಾಬಿಗೆ ಹೊರಟ ಆಟೋದಲ್ಲಿ ಕಣ್ಣು ಮುಚ್ಚಿ ಒರಗಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಸಂಜೆ ಕಾಂಪೌಂಡಿನಾಚೆ ಹೂ ಕಟ್ಟುತ್ತಿದ್ದ ಗಂಗಮ್ಮ ತಲೆಯೆತ್ತದೆ ಅಂದಳು: "ನಾಕ್ ಜನ ನೋಡೋ ನೀರು, ಆ ಸವುಳು ನೀರು ಹೆಂಗಮ್ಮ ಕೊಡೋದು? ನೆಂಟ್ರಿಗೇಂತ ತಂದಿಟ್ಟಿದ್ದ ಫಿಲ್ಟರ್ ನೀರ್ನೇ ತುಂಬ್ಕೊಟ್ಬುಟ್ಟೆ ಕಣಮ್ಮ."