ಹಲಬರ್ಗಾದಲ್ಲಿ ಬಿಗಿದ ತಾಡಪತ್ರಿ

ಕಾಶಮ್ಮ, ಲಾರಿಯ ಮಾಲಿಗೆ ಹೊದಿಸಿದ ತಾಡಪತ್ರಿಯನ್ನು ಮುಂದುಗಡೆ ಬಿಗಿದು ಕಟ್ಟಿದವನು ನಾನು. ನಿಮ್ಮಪ್ಪ ಸಿದ್ರಾಮ ಅಲ್ಲ. ಹಲಬರ್ಗಾದಲ್ಲಿ ಅವನು ಡಬ್ಬಿ ಹಿಡಿದು ಬಾವಿಯ ಕಡೆ ಹೋದಾಗ ಕಟ್ಟಿದೆ. ತಿರುಗಿ ಬಂದು ಕೇಳಿದಾಗ ಸುಳ್ಳು ಹೇಳಿದೆ. ಒಳಗಿದ್ದ ನಾಲ್ವರೂ ಸತ್ತರು. ಆ ಸಾವನ್ನು ನಿಮ್ಮಪ್ಪ ಹೊತ್ತುಕೊಂಡು ಹೋದ, ನಾನು ಹೊರಲು ಬಿಟ್ಟೆ.

ಹೋದ ತಿಂಗಳು ನೀನು ಭಾಲ್ಕಿಯ ನನ್ನ ಮನೆಗೆ ಬಂದೆ. ಚಾಪೆಯ ಅಂಚಿನಲ್ಲಿ ಕುಳಿತು, ಸೆರಗು ಬೆರಳಿಗೆ ಸುತ್ತುತ್ತ ಕೇಳಿದೆ — "ಮುನೀಮ ಕಾಕಾ, ಅವತ್ತು ಗಾಡ್ಯಾಗ ಹೋದವರೊಳಗ ನೀವೊಬ್ಬರೇ ಉಳದೀರಿ. ನನ್ನ ಮೊಮ್ಮಗ ಸಾಲ್ಯಾಗ ಹಿಗ್ಗಿ ಹೇಳ್ತಾನಂತ್ರಿ, ನಮ್ಮ ಮುತ್ಯಾ ನಾಕು ಮಂದೀನ ಮುಗಿಸಿದ ಗಂಡಸು ಅಂತ. ಖರೇ ಏನ್ರಿ? ನಮ್ಮಪ್ಪ ಬೇಕಂತ ಮಾಡಿದ್ನಾ?"

ನಾನು ಅಂದೆ — "ಅದು ನನಗ ಹ್ಯಾಂಗ ಗೊತ್ತಾಗಬೇಕವ್ವ."

ನೀನು ಚಹಾ ಕುಡಿಯದೆ ಎದ್ದು ಹೋದೆ. ನೀನು ಕೇಳಿದ್ದು ಒಂದೇ ಮಾತು. ಅದಕ್ಕೆ ಉತ್ತರ ಇರುವುದು ನನ್ನೊಬ್ಬನ ಬಳಿ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನಗೆ ನೆನಪಿರುವಷ್ಟನ್ನು, ನೆನಪಿರುವ ಹಾಗೆಯೇ. ಎಲ್ಲಿ ಖಚಿತವಿಲ್ಲವೋ ಅಲ್ಲಿ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಕೆಲವು ವಾರಗಳಾಗಿದ್ದವು. ಅದಕ್ಕೆ ಮೊದಲು ನಮ್ಮ ಜನ ಮನೆಮಾರು ಬಿಟ್ಟು ಗಡಿಯಾಚೆ ಓಡಿದ್ದರು. ಆಮೇಲೆ ಓಡುವ ಸರದಿ ಮುಸಲ್ಮಾನರದಾಯಿತು. ನನ್ನ ಸೋದರಮಾವನ ಬಣವೆಗೂ ಆ ಮೊದಲ ಕಾಲದಲ್ಲಿ ಬೆಂಕಿ ಬಿದ್ದಿತ್ತು. ಇದನ್ನು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಇದು ನೆಪವಲ್ಲ. ಅವತ್ತು ನನ್ನ ಕೈಯಲ್ಲಿ ಇದ್ದದ್ದು ಸೇಡಲ್ಲ, ಅಂಜಿಕೆ. ಆದರೆ ಸತ್ತವರಿಗೆ ಆ ವ್ಯತ್ಯಾಸದಿಂದ ಏನಾಗಬೇಕಿದೆ?

ಆಗ ನಾನು ಭಾಲ್ಕಿಯ ಒಂದು ಅಡತಿ ಅಂಗಡಿಯಲ್ಲಿ ಮುನೀಮನಾಗಿದ್ದೆ. ಅಲ್ಲಿ ಮಾಲು ತೂಗುತ್ತಿದ್ದವನು ಇಮಾಮಸಾಬ. ದಿನವಿಡೀ ಅವನು ತೂಕ ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಒಂದೇ ತಂಬಿಗೆಯ ನೀರು ಕುಡಿಯುತ್ತಿರಲಿಲ್ಲ, ನಿಜ. ಆದರೆ ಒಬ್ಬರ ಮಾತನ್ನು ಒಬ್ಬರು ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡವರಲ್ಲ. ಅವನ ತಾಯಿ, ಹೆಂಡತಿ ಖಾಜಾಬಿ, ಎರಡು ಮಕ್ಕಳು ಔರಾದ ಸೀಮೆಯ ಒಂದು ಹಳ್ಳಿಯಲ್ಲಿದ್ದರು. ಆ ಹಳ್ಳಿಯಲ್ಲಿ ಅವರ ಓಣಿ ಉಳಿಯಲಿಲ್ಲ. ಅವರನ್ನು ಹೇಗೋ ಭಾಲ್ಕಿಯ ತನಕ ತಂದು, ಉಗ್ರಾಣದ ಮೂಲೆಯಲ್ಲಿ ಕೂರಿಸಿ, ಅವನು ನನ್ನ ಮುಂದೆ ಬಂದು ನಿಂತ.

"ಮುನೀಮಜಿ, ಬೀದರ ಮುಟ್ಟಿಸಿ ಬಿಡ್ರಿ. ಅಲ್ಲಿ ನಮ್ಮವರು ಅದಾರ. ಗಂಡಸರನ್ನ ನೋಡಿದ್ರ ಗಾಡೀನೇ ತಡೀಲಿಕ್ಕತ್ಯಾರ, ನಾ ಹೊಲದಾಗಿಂದ ನಡಕೋತ ಬರ್ತೀನಿ. ಇವರನ್ನ ನಿಮ್ಮ ಕೈಯಾಗ ಹಾಕೀನಿ."

ನಿಮ್ಮ ಕೈಯಾಗ — ಅವನು ಅಂದದ್ದು ನನಗೆ. ಡ್ರೈವರನಿಗಲ್ಲ.

ಅಂಗಡಿಯ ಉದ್ದಿನ ಚೀಲ ಬೀದರಕ್ಕೆ ಹೋಗುವುದಿತ್ತು. ಲಾರಿ ಸಿದ್ರಾಮನದು. ಪೆಟ್ರೋಲು ಸಿಗದ ಕಾಲ. ಅವನ ಲಾರಿ ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿತ್ತು. ಕೂರುವ ಜಾಗದ ಬೆನ್ನಿಗೇ ಒಂದು ಆಳೆತ್ತರದ ಕಬ್ಬಿಣದ ಬಟ್ಟಿ. ಅದರಲ್ಲಿ ಇದ್ದಲಿ ಉರಿದು ಬರುವ ಗ್ಯಾಸೇ ಎಂಜಿನಿಗೆ ಆಹಾರ. ಬಟ್ಟಿಯ ಕಾವಿಗೆ ಚೀಲ ಹೊತ್ತಬಾರದೆಂದು ಬಟ್ಟಿಗೂ ಮಾಲಿಗೂ ನಡುವೆ ಒಂದು ಮಾರು ಜಾಗ ಖಾಲಿ ಬಿಡುವುದು ಎಲ್ಲ ಲಾರಿಗಳ ಪದ್ಧತಿ. ಚೀಲಗಳನ್ನು ಎತ್ತರಕ್ಕೆ ಒಟ್ಟಿದರೆ ಆ ಜಾಗ ಹಿಂದಿನಿಂದ ಕಾಣುವುದಿಲ್ಲ. ತಪಾಸಣೆ ಮಾಡುವವರು ಹಿಂದಿನಿಂದಲೇ ಚೀಲ ಚುಚ್ಚಿ ನೋಡುತ್ತಾರೆ. ಬಟ್ಟಿಯ ಹತ್ತಿರ ಯಾರೂ ಸುಳಿಯುವುದಿಲ್ಲ.

ಅವರನ್ನು ಅಲ್ಲಿ ಕೂರಿಸುವ ಉಪಾಯ ನನ್ನದು. ನನಗೆ ಅದರ ಬಗ್ಗೆ ಹೆಮ್ಮೆಯೂ ಆಗಿತ್ತು.

ಸಿದ್ರಾಮ ಒಪ್ಪಲಿಲ್ಲ. "ಬಟ್ಟಿ ಗಾಳಿ ಛಲೋ ಅಲ್ರಿ ಮುನೀಮರ. ವಾಸನಿ ಇರಂಗಿಲ್ಲ, ಹೊಗಿ ಕಾಣಂಗಿಲ್ಲ, ಕೂತಲ್ಲೇ ನಿದ್ದಿ ಹತ್ತತದ." ಬೇರೆ ದಾರಿ ಇಲ್ಲ ಎಂದೆ. ಕೊನೆಗೆ ಒಂದು ಷರತ್ತು ಹಾಕಿದ. ತಾಡಪತ್ರಿಯನ್ನು ಮೇಲೆ ಹೊದಿಸೋಣ, ಆದರೆ ಬಟ್ಟಿಯ ಕಡೆಯ ಅಂಚು ಎತ್ತಿಯೇ ಇರಬೇಕು, ಗಾಳಿ ಆಡಬೇಕು.

ಬಟ್ಟಿಯ ಕೆಟ್ಟ ಗಾಳಿಯ ವಿಷಯ ನನಗೆ ತಿಳಿದಿರಲಿಲ್ಲ ಎಂದು ಬರೆಯಲು ನಾನು ಏನು ಬೇಕಾದರೂ ಕೊಟ್ಟೇನು. ತಿಳಿದಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮ ಒಬ್ಬ ಹಮಾಲ ಬಟ್ಟಿಗೆ ಒರಗಿ ಕುಳಿತು ಎಚ್ಚರ ತಪ್ಪಿದ್ದನ್ನು ಕಣ್ಣಾರೆ ನೋಡಿದ್ದೆ.

ರಾತ್ರಿ ಓಡುವ ಗಾಡಿಗೆ ಗುಂಡು ಬೀಳುತ್ತಿತ್ತು. ಹಾಗಾಗಿ ಹಾಡಹಗಲೇ ಹೊರಟೆವು. ಇಮಾಮಸಾಬನ ತಾಯಿ ಗಟ್ಟಿ ಬಾಯಿಯ ಮುದುಕಿ. ಮನೆ ಸುಟ್ಟು ಬಂದವಳು, ಆದರೂ ಸಿದ್ರಾಮ ಕೈಹಿಡಿದು ಹತ್ತಿಸುವಾಗ ಅಂದಳು — "ಏ ಬೇಟಾ, ನಿನ್ನ ಗಾಡಿ ನನಗಿಂತ ಮುದಿ ಅದಲ್ಲೋ. ಹ್ಯಾಂಗ ಕೆಮ್ಮತದ ನೋಡು!"

"ಕೆಮ್ಮಿದ್ರೂ ಬೀದರ ಮುಟ್ಟಸ್ತದ ಅಮ್ಮಾ. ಇಳಿಯುವಾಗ ಟಿಕೇಟಿನ ರೊಕ್ಕ ಮಾತ್ರ ಬಿಡಂಗಿಲ್ಲ ನೋಡು."

"ನನ್ನ ಹಲ್ಲು ಎರಡು ಉಳದಾವ. ಅವನ್ನೇ ತಗೋ."

ಖಾಜಾಬಿ ಕೂಡ ನಕ್ಕಳು. ಅವಳ ಮಡಿಲಲ್ಲಿ ಕೂಸು ಇತ್ತು, ಪಕ್ಕದಲ್ಲಿ ದೊಡ್ಡ ಹುಡುಗಿ. ಅದು ಇಲ್ಲೀತನಕ ನಾನು ಯಾರಿಗೂ ಹೇಳದ ಸಂಗತಿ — ಅವರು ನಗುತ್ತ ಹತ್ತಿದರು.

ಹಲಬರ್ಗಾದ ಹೊರಗೆ ಬಟ್ಟಿಯ ಬೂದಿ ಕೆದಕಿ ಇದ್ದಲಿ ತುಂಬಲು ಗಾಡಿ ನಿಲ್ಲಿಸಲೇಬೇಕಾಯಿತು. ಸಿದ್ರಾಮ ನೀರಿಗೆ ಹೋದ. ಬಾವಿ ಕೊಂಚ ದೂರ. ರಸ್ತೆಯ ಮಗ್ಗುಲ ಬೇವಿನ ಮರದ ಕೆಳಗೆ ಕೆಲವರು ಕುಳಿತಿದ್ದರು. ಕೈಯಲ್ಲಿ ಕೊಡಲಿ, ಬಡಿಗೆ. ಅವರಲ್ಲಿ ಇಬ್ಬರು ಎದ್ದು ನಮ್ಮ ಕಡೆ ಬರತೊಡಗಿದರು.

ಅದೇ ಹೊತ್ತಿಗೆ ತಾಡಪತ್ರಿಯ ಎತ್ತಿದ ಅಂಚಿನಿಂದ ಕೂಸಿನ ಕೈ ಹೊರಗೆ ಬಂತು. ಹಗ್ಗದ ತುದಿ ಜೋತಾಡುತ್ತಿತ್ತು, ಅದನ್ನು ಹಿಡಿಯಲು ನೋಡುತ್ತಿತ್ತು.

ನಾನು ಆ ಕೈಯನ್ನು ಒಳಗೆ ತಳ್ಳಿದೆ. ಬೆಚ್ಚಗಿನ, ಬೆವರಿದ ಕೈ. ಅಂಚು ಕೆಳಗೆ ಎಳೆದೆ. ಕಟ್ಟಿದೆ. ಲಾರಿಯವರು ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತಾರೆ. ನನಗೆ ಬರುತ್ತಿದ್ದದ್ದು ಚೀಲದ ಬಾಯಿ ಕಟ್ಟುವ ಅಡತಿಯ ಗಂಟು. ಒಳಗಿನಿಂದ ನೂಕಿದರೆ ಅದು ಇನ್ನೂ ಬಿಗಿಯುತ್ತದೆ.

"ಏನದ ಒಳಗ?" ಅಂದರು ಬಂದವರು.

"ಉದ್ದು."

ಒಬ್ಬ ಹಿಂದಿನ ಚೀಲಕ್ಕೆ ಬೆರಳು ತೂರಿಸಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. "ಹಸೀ ಅದಾವ," ಅಂದ. ಹೋದರು. ಅಷ್ಟೇ. ಆಗ ಬಿಚ್ಚಬಹುದಿತ್ತು. ಮರದ ಕೆಳಗಿನಿಂದ ಅವರು ಇನ್ನೂ ನೋಡುತ್ತಿದ್ದರು, ಸ್ವಲ್ಪ ಮುಂದೆ ಹೋಗಿ ಬಿಚ್ಚಿದರಾಯಿತು ಎಂದುಕೊಂಡೆ.

ಸಿದ್ರಾಮ ಬಂದ. ಅವರನ್ನು ನೋಡಿ ಅವನಿಗೂ ಅವಸರ. ನಾನು ಕಟ್ಟಿದ ಗಂಟು ಕಾಣದ ಆಚೆ ಮಗ್ಗುಲಿನಿಂದ ಹತ್ತಿ ಬಟ್ಟಿಯ ಮುಚ್ಚಳ ತೆಗೆದು ಇದ್ದಲಿ ಸುರಿದ. ಕೆಳಗಿಳಿದು, ಸ್ಟೇರಿಂಗ್ ಹಿಡಿಯುವ ಮೊದಲು ಕೇಳಿದ.

"ಆ ಕಡಿ ಅಂಚು ಎತ್ತೇ ಅದ ಅಲ್ರಿ?"

"ಅದ. ನಡಿ."

ಇದು ಮೊದಲನೆಯ ಸುಳ್ಳು. ಅಂಜಿಕೆಯಿಂದ ಹೇಳಿದ್ದು. ಮರದ ಕೆಳಗಿನವರು ಕಣ್ಣಿಗೆ ಕಾಣುತ್ತಿದ್ದರು. ಇದನ್ನು ಯಾರಾದರೂ ಕ್ಷಮಿಸಿಯಾರು. ಎರಡನೆಯದನ್ನು ಹೇಳುವಾಗ ಸುತ್ತ ಯಾರೂ ಇರಲಿಲ್ಲ.

ಊರು ದಾಟಿ ಬಹಳ ಮುಂದೆ ಬಂದಿದ್ದೆವು. ಎರಡೂ ಕಡೆ ತೊಗರಿ ಹೊಲ. ದನ ಕಾಯುವವರು ಕೂಡ ಇಲ್ಲ. ಸಿದ್ರಾಮ ಗಾಡಿ ನಿಧಾನ ಮಾಡಿ ಕಿವಿಗೊಟ್ಟ. "ಕೂಸಿನ ಸಪ್ಪಳ ಇಲ್ಲಲ್ರಿ. ಮುದುಕಿ ಮಾತೂ ಇಲ್ಲ. ನಿಂದ್ರಸಲಿ? ಇಳಿಸಿ ಸ್ವಲ್ಪ ಗಾಳಿಗೆ ಬಿಡೂಣು."

"ಮಲಗ್ಯಾರ. ಛಲೋನೇ ಆತು ಬಿಡು. ನಡಿ."

ಕಾಶಮ್ಮ, ಆ ಮಾತು ಯಾಕೆ ಅಂದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ. ನಿಜವಾದ ಉತ್ತರ ಚಿಕ್ಕದು, ನಾಚಿಕೆಗೇಡಿನದು. ಗಾಡಿ ನಿಂತರೆ ಅವನು ಇಳಿದು ಹಿಂದೆ ಹೋಗುತ್ತಾನೆ. ಗಂಟು ನೋಡುತ್ತಾನೆ. ಮುನೀಮ ನನಗೆ ಸುಳ್ಳು ಹೇಳಿದ ಎಂದು ತಿಳಿಯುತ್ತಾನೆ. ಒಬ್ಬ ಲಾರಿ ಡ್ರೈವರನ ಮುಂದೆ ನನ್ನ ಮುಖ ಸಣ್ಣದಾಗುತ್ತದೆ — ಅಷ್ಟೇ. ಅಷ್ಟಕ್ಕೆ ನಾನು ನಡಿ ಅಂದೆ. ಹಿಂದಿನ ಆ ಸದ್ದಿಲ್ಲದಿರುವಿಕೆ ನನಗೆ ನೆಮ್ಮದಿಯನ್ನೂ ಕೊಟ್ಟಿತ್ತು, ಇದನ್ನೂ ಬರೆದುಬಿಡುತ್ತೇನೆ.

ಬೀದರದ ಹಳೆ ಊರಿನಲ್ಲಿ ಇಮಾಮಸಾಬನ ಕಡೆಯವರ ಅಂಗಳದಲ್ಲಿ ಗಾಡಿ ನಿಂತಿತು. ನಾನು ಮೊದಲು ಇಳಿದೆ. ಚಾಕುವಿನಿಂದ ಹಗ್ಗ ಕೊಯ್ದೆ. ಅದು ಅವಸರವೋ, ನನ್ನ ಗಂಟು ಯಾರ ಕಣ್ಣಿಗೂ ಬೀಳಬಾರದೆಂಬ ಆಲೋಚನೆಯೋ — ಇದು ನನಗೆ ಖಚಿತವಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಸಿದ್ರಾಮ ಅಂಚು ಎತ್ತಿ, ನಗುತ್ತಲೇ, "ಏಳು ಅಮ್ಮಾ, ಟಿಕೇಟಿನ ರೊಕ್ಕ ತೆಗಿ," ಅಂದ.

ಇನ್ನೊಮ್ಮೆ ಅಂದ. ಆಮೇಲೆ ಒಳಗೆ ಜಿಗಿದ.

ಅವನು ಒಬ್ಬೊಬ್ಬರನ್ನೇ ಎತ್ತಿ ಕೆಳಗೆ ಕೊಡುತ್ತಿದ್ದ. ನಾನು ಇಸಿದುಕೊಳ್ಳಬೇಕಿತ್ತು. ನನ್ನ ಕೈ ಮೇಲೇಳಲಿಲ್ಲ. ಅಂಗಳದವರು ಇಸಿದುಕೊಂಡರು. ಕೂಸಿನ ಕೆನ್ನೆ ಕೆಂಪಗಿತ್ತು, ನಿದ್ದೆಯಲ್ಲಿರುವ ಆರೋಗ್ಯದ ಮಗುವಿನ ಹಾಗೆ. ಅದಕ್ಕೇ ಯಾರೂ ಮೊದಲು ನಂಬಲಿಲ್ಲ.

ಆಮೇಲೆ ವಿಚಾರಣೆ. ಸಾಹೇಬರು ನನ್ನನ್ನು ನೇರವಾಗಿ ಕೇಳಿದರು — ತಾಡಪತ್ರಿ ಬಿಗಿದದ್ದು ಯಾರು? ನಾನು ಅಂದೆ — "ಗಾಡಿದು ಎಲ್ಲಾ ಡ್ರೈವರನ ಜವಾಬ್ದಾರಿ ಇರ್ತದ್ರಿ, ಸಾಹೇಬ್ರ." ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಹಗ್ಗ, ತಾಡಪತ್ರಿ, ಬಟ್ಟಿ ಎಲ್ಲವೂ ಡ್ರೈವರನ ಲೆಕ್ಕಕ್ಕೇ ಸೇರಿದವು. ಇಂಥ ನಿಜವನ್ನು ಹುಡುಕಿ ತೆಗೆಯಲು ನಾನು ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದೆ. ಸಿದ್ರಾಮ, "ನಾ ಕಟ್ಟಿಲ್ರಿ," ಅಂದ. ಹಾಗಾದರೆ ಯಾರು ಅಂದರು. ಅವನು ನನ್ನ ಕಡೆ ನೋಡಿದ. ನನ್ನ ಹೆಸರು ಅವನ ನಾಲಿಗೆಯ ತುದಿಗೆ ಬಂದಿತ್ತೋ ಇಲ್ಲವೋ — "ನಾ ನೋಡಿಲ್ರಿ," ಅಂದ. ನೋಡಿರಲಿಲ್ಲವಲ್ಲ. ನೋಡದ್ದನ್ನು ಹೇಳುವ ಮನುಷ್ಯ ಅವನಲ್ಲ.

ಎರಡು ವರ್ಷ ಸೆರೆಮನೆ. ನಿನಗೆ ಆಗ ಇನ್ನೂ ಸಣ್ಣ ವಯಸ್ಸು.

ಶಿಕ್ಷೆ ಮುಗಿಸಿ ಅವನು ಭಾಲ್ಕಿಗೆ ಬಂದ ದಿನದ್ದು ನಿನಗೆ ಗೊತ್ತಿಲ್ಲ ಅನಿಸುತ್ತದೆ. ಚಹಾದ ಅಂಗಡಿಯ ಮುಂದೆ ಕೆಲವರು ಅವನನ್ನು ಸುತ್ತುಗಟ್ಟಿದರು. ಒಬ್ಬ ಬೆನ್ನು ಚಪ್ಪರಿಸಿ, "ಭಲೇ ಸಿದ್ರಾಮಣ್ಣ! ಒಂದು ಗುಂಡಿನ ಖರ್ಚಿಲ್ಲ, ಒಂದು ಕೂಗಿಲ್ಲ! ಇವನ ಚಹಾದ ರೊಕ್ಕ ನಂದು," ಅಂದ. ಎಲ್ಲರೂ ನಕ್ಕರು. ನಿಮ್ಮಪ್ಪ ಬಿಸಿ ಚಹಾ ಅವನ ಎದೆಗೆ ಎರಚಿದ. "ಅವರು ನನ್ನ ಗಾಡ್ಯಾಗ ಕುಂತಿದ್ರೋ! ನನ್ನ ನಂಬಿ ಕುಂತಿದ್ರು!" ಎಂದು ಕೂಗಿದ. ಹೊಡೆತ ತಿಂದ. ನಾನು ಅಡತಿಯ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ನೋಡಿದೆ. ಬಾಯಿ ತೆರೆದರೆ ಆ ಹೊಗಳಿಕೆ ಅಲ್ಲಿಗೇ ನಿಲ್ಲುತ್ತಿತ್ತು. ತೆರೆಯಲಿಲ್ಲ. ಅಂದು ಅವರು ಕಟ್ಟಿದ ಕಥೆಯೇ ಈಗ ನಿನ್ನ ಮೊಮ್ಮಗನ ಬಾಯಿಗೆ ಬಂದು ಮುಟ್ಟಿದೆ.

ಸಿದ್ರಾಮ ಮತ್ತೆ ಲಾರಿ ಮುಟ್ಟಲಿಲ್ಲ. ನಿಮ್ಮನ್ನು ಕರೆದುಕೊಂಡು ಕಮಲನಗರಕ್ಕೆ ಹೋಗಿ ಪೇಟೆಯಲ್ಲಿ ಹಮಾಲಿ ಮಾಡಿದ, ಅಲ್ಲೇ ತೀರಿಕೊಂಡ. ಇದೆಲ್ಲ ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಇಮಾಮಸಾಬ ಬದುಕಿದ್ದಾನೆ. ಮನ್ನಳ್ಳಿಯಲ್ಲಿ ತಮ್ಮನ ಮಗನ ಮನೆಯಲ್ಲಿದ್ದಾನೆ, ಎರಡೂ ಕಣ್ಣು ಹೋಗಿವೆ. ವರ್ಷಕ್ಕೊಮ್ಮೆ ನಾನು ಹೋಗಿ ನೋಡಿಬರುತ್ತೇನೆ. ಹೋದಾಗಲೆಲ್ಲ ಅವನು ನನ್ನ ಕೈ ಸವರಿ, "ನೀವಾದ್ರೂ ನನ್ನ ಮಕ್ಕಳ ಜೋಡಿ ಕಡೀತನ ಇದ್ರಿ ಮುನೀಮಜಿ," ಎನ್ನುತ್ತಾನೆ. ನಮಾಜು ಮುಗಿಸಿ ಕೈ ಎತ್ತಿದಾಗ ನಿಮ್ಮಪ್ಪನ ಹೆಸರು ಹಿಡಿದು ಶಪಿಸುತ್ತಾನೆ. ನಾನು ಪಕ್ಕದಲ್ಲಿ ಕುಳಿತು ಅದನ್ನು ಕೇಳಿದ್ದೇನೆ. ಕೇಳಿ, ಅವರ ಮನೆಯಲ್ಲಿ ಊಟ ಮಾಡಿ, ಬಸ್ಸು ಹತ್ತಿ ಬಂದಿದ್ದೇನೆ.

ಈ ಬರಹ ನಿನಗೆ. ಮೊಮ್ಮಗನ ಮುಂದೆ ಓದು. ಗಟ್ಟಿಯಾಗಿ ಓದು. ಬಂದವರ ಮುಂದೆಲ್ಲ ಓದು. ನನ್ನ ಮಕ್ಕಳು ಬಂದು ಬೇಡ ಎಂದರೆ ಕೇಳಬೇಡ. ನಿನ್ನ ಕ್ಷಮೆಯನ್ನು ನಾನು ಕೇಳುತ್ತಿಲ್ಲ. ಕೇಳಿದರೆ ಅದನ್ನೂ ನಿನ್ನ ತಲೆಯ ಮೇಲೆ ಹೊರಿಸಿದಂತಾಗುತ್ತದೆ.

ಇಮಾಮಸಾಬನಿಗೆ ಓದಲು ಬರುವುದಿಲ್ಲ. ಅವನಿಗೆ ಬಾಯಿಂದಲೇ ಹೇಳಬೇಕು. ನಾಳೆ ಮನ್ನಳ್ಳಿಗೆ ಹೋಗುತ್ತೇನೆ. ನಮಾಜಿಗೆ ಮೊದಲೇ ಮುಟ್ಟಬೇಕು. ಅವನು ಕೈ ಎತ್ತುವಷ್ಟರಲ್ಲಿ, ಶಪಿಸಬೇಕಾದ ಹೆಸರು ಯಾವುದೆಂದು ಅವನಿಗೆ ಗೊತ್ತಿರಬೇಕು.