ಷಡ್ಡಕನ ತೆಳು ಶೂ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಎಂಟನೇ ಕ್ಲಾಸಿನ ನಡುವಿನಲ್ಲಿ. ಕಾರಣ ಹೇಳಿ ಕನಿಕರ ಕೇಳುವ ಅಭ್ಯಾಸ ನನಗಿಲ್ಲ. ಸೋಮವಾರ ಶಾಲೆಗೆ ಹೋಗಲಿಲ್ಲ, ಮಂಗಳವಾರ ರಾಜಾಜಿನಗರದ ಒಂದು ಹೊಸ ಮನೆಯಲ್ಲಿ ಮೊಸಾಯಿಕ್ ನೆಲ ಉಜ್ಜುತ್ತಿದ್ದೆ, ಅಷ್ಟೆ. ಆ ಮನೆಯ ಎದುರಿಗೇ ಒಂದು ಕಾನ್ವೆಂಟ್ ಇತ್ತು. ಬೆಳಗ್ಗೆ ಅದರ ಗೇಟಿನೊಳಗೆ ಹೋಗುತ್ತಿದ್ದ ಮಕ್ಕಳ ಮುಖ ನಾನು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ಪಾಲಿಷ್ ಹಾಕಿದ ಕಪ್ಪು ಶೂ, ಬಿಳಿ ಕಾಲುಚೀಲ. ನಾನು ಸಿಮೆಂಟು ಕಲಸಿದ ನೀರಿನಲ್ಲಿ ಬರಿಗಾಲಲ್ಲಿ ನಿಂತಿರುತ್ತಿದ್ದೆ.

ಆ ಬರಿಗಾಲೇ ಮುಂದೆ ನನ್ನ ವಿದ್ಯೆಯಾಯಿತು. ಮೊಸಾಯಿಕ್ ಹೋಗಿ ಟೈಲ್ಸ್ ಬಂತು, ನಾನೂ ಟೈಲ್ಸ್ ಕೆಲಸಕ್ಕೆ ಬಂದೆ. ರಸಮಟ್ಟ ಇಟ್ಟು ನೆಲ ಸಮ ಇದೆಯೇ ಎಂದು ನೋಡುವುದು ಯಾರಿಗಾದರೂ ಬರುತ್ತದೆ. ನನಗೆ ಮೇಸ್ತ್ರಿ ಕಲಿಸಿದ್ದು ಬೇರೆ. ನೆಲ ಹಾಕಿ ಒಣಗಿದ ಮೇಲೆ ಕಣ್ಣು ಮುಚ್ಚಿಕೊಂಡು ಅದರ ಮೇಲೆ ನಡೆಯಬೇಕು. ಒಂದು ಟೈಲ್ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಎದ್ದಿದ್ದರೂ ಅಂಗಾಲು ಹೇಳುತ್ತದೆ. ಬಚ್ಚಲಿನ ಇಳಿಜಾರು ಸಾಲದಿದ್ದರೆ ಹಿಮ್ಮಡಿ ಹೇಳುತ್ತದೆ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ನಾನು ಹಾಕಿದ ಯಾವ ಬಚ್ಚಲಿನಲ್ಲೂ ನೀರು ನಿಂತಿದೆ ಎಂದು ಇವತ್ತಿನವರೆಗೆ ಫೋನ್ ಬಂದಿಲ್ಲ. ಬ್ಯಾಡರಹಳ್ಳಿಯಲ್ಲಿ ನಮ್ಮದೇ ಮನೆ ಕಟ್ಟಿದಾಗಲಂತೂ ನೆಲವನ್ನು ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಬಂದವರಿಗೆಲ್ಲ ಕಾಫಿಗೆ ಮುಂಚೆ ನೆಲ ತೋರಿಸುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಹಿಮ್ಮಡಿ ನೋವು ಶುರುವಾಯಿತು. ಮನೆಯೊಳಗೂ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಹಾಕಿಕೊಳ್ಳಿ ಎಂದರು ಡಾಕ್ಟರು. ಕೆಲಸದ ಜಾಗದಲ್ಲಿ ದಪ್ಪ ತಳದ ಸೇಫ್ಟಿ ಶೂ. ಈಗ ನನ್ನ ಕೈಕೆಳಗೆ ಆರು ಜನ ಇದ್ದಾರೆ, ನಾನು ನಿಂತು ಹೇಳಿದರೆ ಸಾಕು. ಹಾಸಿಗೆ ಬಿಟ್ಟ ಮೇಲೆ ನನ್ನ ಕಾಲು ನೆಲ ಮುಟ್ಟುವುದು ಸ್ನಾನ ಮಾಡುವಾಗ ಮಾತ್ರ.

ಇನ್ನು ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ, ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ನನಗಿಂತ ಮೂರು ವರ್ಷ ಚಿಕ್ಕವರು, ನನ್ನನ್ನು ಅಣ್ಣ ಎನ್ನುತ್ತಾರೆ. ನಾನು ಅವರನ್ನು ಮೇಷ್ಟ್ರೇ ಎನ್ನುತ್ತೇನೆ. ಅದರಲ್ಲಿ ಅರ್ಧ ಗೌರವ, ಅರ್ಧ ಕುಟುಕು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಒಳ್ಳೆಯ ಮನುಷ್ಯ, ಅದೇ ತೊಂದರೆ.

ಕಳೆದ ವರ್ಷ ಒಂದು ಭಾನುವಾರ ಊಟಕ್ಕೆ ಬಂದವರು ಬಾಗಿಲಲ್ಲಿ ಶೂ ಬಿಟ್ಟರು. ನನ್ನ ಮಗಳು ಅದನ್ನು ಕೈಗೆ ತೆಗೆದುಕೊಂಡಳು. ಅವಳು ಜ್ಞಾನಭಾರತಿಯಲ್ಲಿ ಎಂ.ಕಾಂ. ಓದುತ್ತಾಳೆ, ಬೆಳಗ್ಗೆ ಅಲ್ಲೇ ಮರಗಳ ಕೆಳಗಿನ ರಸ್ತೆಯಲ್ಲಿ ಓಡುತ್ತಾಳೆ.

"ಇದೇನ್ ಚಿಕ್ಕಪ್ಪ, ಚಪಾತಿ ಥರ ಸುತ್ಕೊಳ್ಳುತ್ತೆ!"

"ಸುತ್ಕೋಬೇಕು ಕಣಮ್ಮ. ಪಾದ ಹೇಗೆ ಬಾಗುತ್ತೋ ಶೂನೂ ಹಾಗೇ ಬಾಗ್ಬೇಕು. ನೋಡು, ಹಿಮ್ಮಡಿ ಎತ್ತರ ಇಲ್ಲ, ಹಿಂದೆ ಮುಂದೆ ಒಂದೇ ಮಟ್ಟ. ಮುಂದ್ಗಡೆ ಅಗಲ, ಬೆರಳು ಹರಡ್ಕೊಳ್ಳೋಕೆ ಜಾಗ. ತಳ ತೆಳು. ನೆಲ ಕಾಲಿಗೆ ಗೊತ್ತಾಗ್ಬೇಕು."

ನೆಲ ಕಾಲಿಗೆ ಗೊತ್ತಾಗಬೇಕಂತೆ. ಆ ಮಾತು ನನ್ನದು. ಅದೇ ಮನೆಯಲ್ಲಿ, ಅದೇ ಮಗಳ ಮುಂದೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಅವಳ ಕಣ್ಣು ಹೀಗೆ ಅರಳಿರಲಿಲ್ಲ.

"ಮೇಷ್ಟ್ರೇ, ಆ ಶೂ ಕಂಪ್ನಿಯವ್ರು ನನ್ನ ಕೇಳಿದ್ರೆ ಪುಕ್ಸಟ್ಟೆ ಹೇಳ್ತಿದ್ದೆ," ಎಂದೆ. "ಬಿಚ್ಚಿಟ್ಬಿಟ್ಟು ನಡೀರಿ ಅಂತ."

ಅವರು ಮನಸ್ಸು ಬಿಚ್ಚಿ ನಕ್ಕರು. "ನಿಜ ಅಣ್ಣ. ನೀವು ಮಾಡಿದ್ದನ್ನೇ ನಾವು ಈಗ ದುಡ್ಡು ಕೊಟ್ಟು ಮಾಡ್ತಾ ಇದೀವಿ."

ಒಪ್ಪಿಕೊಂಡುಬಿಟ್ಟರೆ ಜಗಳ ಎಲ್ಲಿಂದ ತರುವುದು? ನಾನು ಇನ್ನೇನೋ ಹೇಳಲು ಹೋದೆ. ಮಗಳು ತಿರುಗಿಯೂ ನೋಡದೆ, "ಅಪ್ಪಾ, ನೀನ್ ಸುಮ್ನಿರು. ನಿಂಗೆ ಇದೆಲ್ಲ ಗೊತ್ತಾಗಲ್ಲ," ಎಂದಳು. ಆಮೇಲೆ ಅವರಿಗೆ, "ಚಿಕ್ಕಪ್ಪ, ನಂಗೆ ಒಂದು ಜೊತೆ ನೀವೇ ನೋಡಿ ಹೇಳಿ. ಓಡೋಕೂ ಅದೇ, ಮುಂದಿನ ತಿಂಗಳು ಸಾವನದುರ್ಗ ಹತ್ತೋಕೂ ಅದೇ, ದಿನಾ ಕಾಲೇಜಿಗೂ ಅದೇ ಆಗ್ಬೇಕು."

"ಭಾನುವಾರದೊಳಗೆ ಹೇಳ್ತೀನಿ ಬಿಡು," ಎಂದರು ಅವರು.

ಅವಳು ಬೈದಿದ್ದಕ್ಕೆ ನೋವಾಗಲಿಲ್ಲ. ಪಾದದ ವಿಷಯಕ್ಕೆ, ನೆಲದ ವಿಷಯಕ್ಕೆ ಅವಳು ಕೇಳಿದ್ದು ಅವರನ್ನು. ಲೆಕ್ಕಶಾಸ್ತ್ರ ಕೇಳಲಿ, ಇಂಗ್ಲಿಷ್ ಕೇಳಲಿ, ನಾನು ಬಾಯಿ ಮುಚ್ಚಿಕೊಂಡು ಇರುತ್ತೇನೆ. ಇದನ್ನೂ ಅವರನ್ನೇ ಕೇಳಿದರೆ ನನಗೆ ಉಳಿದಿದ್ದೇನು?

ಎಲ್ಲರೂ ಊಟಕ್ಕೆ ಕೂತಾಗ ಕೈ ತೊಳೆಯುವ ನೆಪದಲ್ಲಿ ಹೊರಗೆ ಬಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಎಂ.ಸಿ.ಆರ್. ಚಪ್ಪಲಿ ಬಿಚ್ಚಿ ಅವರ ಶೂ ಒಳಗೆ ನನ್ನ ಕಾಲು ತೂರಿಸಿದೆ. ನನ್ನ ಪಾದ ಮುಂದೆ ಮೊರದ ಹಾಗೆ ಅಗಲ, ಯಾವ ಅಂಗಡಿಯ ಶೂ ಹಾಕಿದರೂ ಕಿರುಬೆರಳು ಅಳುತ್ತದೆ. ಇದರಲ್ಲಿ ಐದೂ ಬೆರಳು ಸುಖವಾಗಿ ಕೂತವು. ಇಲ್ಲೂ ತಪ್ಪು ಹುಡುಕಲು ಆಗಲಿಲ್ಲವಲ್ಲ ಎಂದು ಹೊಸ್ತಿಲು ದಾಟಿ ಒಳಗೆ ಎರಡು ಹೆಜ್ಜೆ ಇಟ್ಟೆ.

ಎಡಗಾಲಿನ ಹೆಬ್ಬೆರಳ ಬುಡಕ್ಕೆ ಏನೋ ತಗುಲಿತು.

ಹಿಂದೆ ಬಂದು ಮತ್ತೆ ಇಟ್ಟೆ. ಹೌದು. ಹೊಸ್ತಿಲಿನಿಂದ ಎರಡನೇ ಟೈಲ್, ಬಲ ಮೂಲೆ, ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ. ನಾನೇ ಹಾಕಿದ ನೆಲ. ಕೆಳಗೆ ಮಣ್ಣು ಕೂತು ಆಮೇಲೆ ಎದ್ದಿರಬಹುದು, ಅಥವಾ ಹಾಕಿದ ದಿನದಿಂದಲೇ ಇದ್ದಿರಬಹುದು. ಮೂರು ವರ್ಷ ಮೆತ್ತನೆ ಚಪ್ಪಲಿಯಲ್ಲಿ ಅದರ ಮೇಲೇ ಓಡಾಡಿದ್ದೇನೆ, ನನಗೆ ಗೊತ್ತಾಗಿಲ್ಲ. ನನ್ನ ತಪ್ಪನ್ನು ನನಗೆ ಹೇಳಿದ್ದು ನನ್ನ ಕಾಲಲ್ಲ, ಅವರ ಶೂ.

"ಏನ್ರೀ, ಅನ್ನ ಆರ್ತಿದೆ, ಎಲ್ಲಿ ಹೋದ್ರಿ?" ಎಂದು ಹೆಂಡತಿ ಕೂಗಿದಳು. ಗಡಬಡಿಸಿ ಶೂ ಬಿಚ್ಚಿ ಇದ್ದ ಹಾಗೇ ಜೋಡಿಸಿಟ್ಟು ಹೋಗಿ ಕೂತೆ. ಆವತ್ತು ಏನು ತಿಂದೆನೋ ನೆನಪಿಲ್ಲ.

ಭಾನುವಾರದೊಳಗೆ ಎಂದಿದ್ದರಲ್ಲ, ಅಷ್ಟು ದಿನ ನಾನು ಬಿಡಲಿಲ್ಲ. ಮಂಗಳವಾರ ಸಂಜೆ ಬೇಗ ಮನೆಗೆ ಬಂದೆ. "ನಡಿ, ವಿಜಯನಗರಕ್ಕೆ. ಶೂ ತರೋಣ."

"ಈಗ್ಲೇನಾ? ಸುಸ್ತಾಗಿದೆ ಅಪ್ಪಾ, ಬೆಳಗ್ಗೆ ಹೋಗೋಣ."

"ಸಂಜೆಗೇ ಹೋಗ್ಬೇಕು. ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿರುತ್ತೆ. ಬೆಳಗ್ಗೆ ಸರಿಹೋದ ಶೂ ಸಂಜೆ ಕಚ್ಚುತ್ತೆ. ಬಾ ಇಲ್ಲಿ, ಮೊದ್ಲು ಇದ್ರ ಮೇಲೆ ನಿಂತ್ಕೊ."

ಟೈಲ್ಸ್ ಪೆಟ್ಟಿಗೆಯ ರಟ್ಟು ಹಾಸಿದ್ದೆ. ಕಮೋಡ್ ಸುತ್ತ ಟೈಲ್ ಕತ್ತರಿಸುವಾಗ ನಾವು ಮೊದಲು ರಟ್ಟಿನಲ್ಲಿ ಆಕಾರ ತೆಗೆದುಕೊಳ್ಳುತ್ತೇವೆ, ಆಮೇಲೆ ಟೈಲಿಗೆ ಕೈ ಹಾಕುವುದು. ಅವಳ ಎರಡೂ ಪಾದದ ಸುತ್ತ ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆದೆ.

"ನಾನೇನ್ ಕಮೋಡಾ?" ಎಂದು ಅವಳು ಕಚಗುಳಿಗೆ ಕುಣಿದಳು.

"ಅಲ್ಲಾಡ್ಬೇಡ. ಭಾರ ಪೂರ್ತಿ ಬಿಡು. ಕೂತಾಗಿನ ಪಾದ ಬೇರೆ, ನಿಂತಾಗಿನ ಪಾದ ಬೇರೆ."

ಎರಡು ರಟ್ಟನ್ನೂ ಕತ್ತರಿಸಿದೆ. ಬಲಗಾಲು ಎಡಗಾಲಿಗಿಂತ ಚೂರು ಉದ್ದ ಇತ್ತು. ಇಪ್ಪತ್ತೆರಡು ವರ್ಷ ಸಾಕಿದ ಮಗಳು, ನನಗೆ ಅದು ಆವತ್ತೇ ಗೊತ್ತಾದದ್ದು.

ಅಂಗಡಿಯವರು ನನ್ನ ವಯಸ್ಸಿನವರೇ. ನಾನು ಒಂದೊಂದು ಶೂ ಒಳಗೂ ರಟ್ಟು ತೂರಿಸುವುದನ್ನು ನೋಡಿ, "ಸಾರ್, ಕಾಲಿಲ್ದೆ ಶೂ ಹಾಕಿ ನೋಡೋರು ನೀವೇ ಮೊದ್ಲು," ಎಂದರು.

"ರಟ್ಟು ಸುಳ್ಳು ಹೇಳಲ್ಲ ಸಾರ್. ಅಂಚು ಮೇಲಕ್ಕೆ ಮಡಚ್ಕೊಂಡ್ರೆ ಬೆರಳು ಇರುಕುತ್ತೆ ಅಂತ ಅರ್ಥ."

ಬಣ್ಣ ಚೆಂದವಿದ್ದ ಐದು ಜೊತೆ ಅಲ್ಲೇ ಬಿದ್ದವು. ಉಳಿದದ್ದು ಮೂರು. ಮೂರನ್ನೂ ಹಿಂಡಿ, ತಿರುಚಿ, ಟೇಬಲ್ ಮೇಲಿಟ್ಟು ಹಿಮ್ಮಡಿ ಎತ್ತರ ನೋಡಿದೆ. ಒಂದರ ಹಿಮ್ಮಡಿ ಒಳಗಿಂದ ಕದ್ದು ಎತ್ತರ ಮಾಡಿದ್ದರು, ಕೈ ಬೆರಳಿಗೆ ಗೊತ್ತಾಯಿತು. ಇನ್ನೊಂದು ತುಂಬ ತೆಳು, ನುಣ್ಣನೆ ತಳ. ಹಾಲ್‌ಗೆ ಹಾಕುವ ನುಣುಪು ಟೈಲನ್ನು ಬಚ್ಚಲಿಗೆ ಹಾಕಬಾರದು. ಮೇಷ್ಟ್ರ ಶೂ ಅವರು ನಡೆಯುವ ಬಸವೇಶ್ವರನಗರದ ಪಾರ್ಕಿಗೆ ಸರಿ, ಸಾವನದುರ್ಗದ ಇಳಿಜಾರು ಬಂಡೆಗೆ ತಳದಲ್ಲಿ ಚಿಕ್ಕ ಹಲ್ಲಾದರೂ ಬೇಕು. ಕೊನೆಯದಕ್ಕೆ ಹಲ್ಲಿತ್ತು, ಆದರೂ ಬಾಗುತ್ತಿತ್ತು. ಕಂದು ಬಣ್ಣ, ಕಾಲೇಜಿಗೂ ನಡೆಯುತ್ತದೆ.

"ಇದನ್ನ ಹಾಕ್ಕೊಂಡು ಕಣ್ಮುಚ್ಚು," ಎಂದೆ. ಜೇಬಿನಿಂದ ಸ್ಪೇಸರ್ ತೆಗೆದೆ. ಎರಡು ಟೈಲ್ ನಡುವೆ ಸಂದಿಗೆ ಇಡುವ ಪ್ಲಾಸ್ಟಿಕ್ ಚೂರು ಅದು. ನೆಲದ ಮೇಲಿಟ್ಟೆ. "ನಡಿ. ಕಾಲ್ಕೆಳಗೆ ಏನಾದ್ರೂ ಸಿಕ್ರೆ ಹೇಳು."

ಮೂರನೇ ಹೆಜ್ಜೆಗೆ ನಿಂತಳು. "ಇಲ್ಲಿದೆ! ಅಪ್ಪಾ, ಇಲ್ಲೇ ಇದೆ!"

ಅವಳ ಕಣ್ಣು ಅರಳಿತು. ಆ ಭಾನುವಾರ ಅರಳಿದ ಹಾಗೆಯೇ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಡಿಯವರಿಗೂ ಕಂಡಿರಬೇಕು.

"ಸೂಪರ್ ಅಪ್ಪಾ. ಇದೇ ಇರ್ಲಿ," ಎಂದಳು. ಆಮೇಲೆ ಫೋನ್ ತೆಗೆದಳು. "ಒಂದ್ನಿಮಿಷ, ಚಿಕ್ಕಪ್ಪಂಗೆ ಫೋಟೋ ಕಳ್ಸಿ ಕೇಳ್ಬಿಡ್ತೀನಿ."

ಮೂವರೂ ಆ ಫೋನನ್ನು ನೋಡುತ್ತಾ ನಿಂತೆವು. ಅಂಗಡಿಯವರು ಶೂ ಪೆಟ್ಟಿಗೆಯ ಮುಚ್ಚಳ ಕೈಯಲ್ಲಿ ಹಿಡಿದೇ ಇದ್ದರು. ಅಷ್ಟು ಹೊತ್ತು ನಾನು ಸ್ಪೇಸರನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದೆ, ಅಂಗೈಯಲ್ಲಿ ಅಚ್ಚು ಬಿದ್ದಿತ್ತು. ಕೊನೆಗೆ ಫೋನ್ ಟಿಣ್ ಎಂದಿತು. ಬಂದಿದ್ದು ಮಾತೂ ಅಲ್ಲ, ಒಂದು ಹೆಬ್ಬೆರಳ ಚಿತ್ರ.

"ಓಕೆ ಅಂತೆ. ಪ್ಯಾಕ್ ಮಾಡಿ ಅಂಕಲ್," ಎಂದಳು.

ದಾರಿಯುದ್ದಕ್ಕೂ ಸ್ಕೂಟರಿನ ಹಾರನ್ ಒತ್ತುತ್ತಲೇ ಬಂದೆ. ಟ್ರಾಫಿಕ್ ಗಲಾಟೆ ಎಂದುಕೊಂಡಿರಬೇಕು ಅವಳು.

ಮುಂದಿನ ಭಾನುವಾರ ಷಡ್ಡಕ ನಾದಿನಿಯ ಜೊತೆ ಮತ್ತೆ ಬಂದರು. ಮಗಳ ಶೂ ತಿರುಗಿಸಿ ನೋಡಿ, ಹಲ್ಲಿನ ಮೇಲೆ ಬೆರಳಾಡಿಸಿ, "ನಾನು ಯೋಚ್ನೆ ಮಾಡಿದ್ದಕ್ಕಿಂತ ಇದೇ ಚೆನ್ನಾಗಿದೆ. ನಂಗೆ ಈ ಹಲ್ಲಿನ ವಿಷ್ಯ ಹೊಳೀಲೇ ಇಲ್ಲ," ಎಂದರು. "ಹಾಗೇ ನಂಗೂ ಒಂದ್ ಜೊತೆ ಬೇಕಮ್ಮ. ಇಷ್ಟು ಅಗಲದ ಶೂನಲ್ಲೂ ಕಿರುಬೆರಳು ನೋಯ್ತಾ ಇದೆ, ಯಾಕೋ ಗೊತ್ತಾಗ್ತಿಲ್ಲ."

"ಅದು ನಂಗೊತ್ತಿಲ್ಲ ಚಿಕ್ಕಪ್ಪ," ಎಂದಳು ಮಗಳು. "ಅಪ್ಪನ್ನ ಕೇಳಿ. ಅದೆಲ್ಲ ಅಪ್ಪಂಗೇ ಗೊತ್ತಿರೋದು."

ಹೇಳಿ ಅವಳು ಚಿಕ್ಕಮ್ಮನ ಹತ್ತಿರ ಅಡುಗೆಮನೆಗೆ ಹೋದಳು. ನಾನು ಕಾದಿದ್ದ ಮಾತು ಅಷ್ಟು ಸಲೀಸಾಗಿ ಬಂದು ಹೋಯಿತು.

ರಟ್ಟು ಹಾಸಿದೆ. ಮೇಷ್ಟ್ರು ಕಾಲುಚೀಲ ಬಿಚ್ಚಿ, ಪ್ಯಾಂಟು ಎತ್ತಿಕೊಂಡು, ಹುಡುಗನ ಹಾಗೆ ನೆಟ್ಟಗೆ ನಿಂತರು. ನಾನು ಮಂಡಿಯೂರಿ ಪೆನ್ಸಿಲ್ ಹಿಡಿದೆ. ಇಪ್ಪತ್ತೈದು ವರ್ಷದ ಸಂಬಂಧದಲ್ಲಿ ಅವರ ಬರಿಯ ಪಾದವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಹೆಬ್ಬೆರಳು ಒಳಕ್ಕೆ ವಾಲಿತ್ತು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ತೂರಿಕೊಂಡು, ಮೇಲೆ ಗಟ್ಟಿ ಆಣಿಯಾಗಿತ್ತು.

"ಯಾವಾಗಿಂದ ಹೀಗಿದೆ ಮೇಷ್ಟ್ರೇ?"

"ಸ್ಕೂಲಿಂದ ಅಣ್ಣ. ನಮ್ಮಪ್ಪ ಪ್ರತಿ ವರ್ಷ ಹೊಸ ಕಪ್ಪು ಶೂ ಕೊಡಿಸ್ತಿದ್ರು, ನೋಡೋಕೆ ಚೆಂದ ಇರ್ಲಿ ಅಂತ ಬಿಗಿಯಾಗಿರೋದೇ. ಎಸ್ಸೆಸ್ಸೆಲ್ಸಿವರೆಗೂ ಅದೇ. ನಿಮ್ಮ ಪಾದ ನೋಡಿ ಎಷ್ಟು ಚೆನ್ನಾಗಿದೆ! ಶೂ ಕಾಣದೆ ಬೆಳೆದ ಕಾಲು. ಪುಣ್ಯವಂತರು ನೀವು."

ನಾನು ತಲೆ ಎತ್ತಲಿಲ್ಲ. ಪುಣ್ಯ ಎಂದು ಅವರು ಮನಸಾರೆ ಹೇಳಿದರು, ಅದು ನನಗೆ ಗೊತ್ತು. ಆ ಕ್ಷಣ ನನಗೆ ಗೆದ್ದೆ ಅನ್ನಿಸಬೇಕಿತ್ತು. ಮಗಳು ನನ್ನ ಹೆಸರು ಹೇಳಿದ್ದಳು, ಮೇಷ್ಟ್ರು ನನ್ನ ರಟ್ಟಿನ ಮೇಲೆ ನಿಂತಿದ್ದರು. ಆದರೆ ಪೆನ್ಸಿಲ್ ಆ ಬಾಗಿದ ಕಿರುಬೆರಳಿನ ಸುತ್ತ ಹೋಗುವಾಗ ನನ್ನ ಕಣ್ಣಿಗೆ ಕಂಡದ್ದು ಆ ಕಾನ್ವೆಂಟಿನ ಗೇಟು. ಎಂಟು ಮುಗಿಸಿ, ಒಂಬತ್ತು, ಹತ್ತು ಮುಗಿಸಿ, ಬೆರಳು ಬಾಗುವಷ್ಟು ವರ್ಷ ಅಂಥದ್ದೊಂದು ಗೇಟಿನೊಳಗೆ ಇದ್ದ ಪಾದ ಅದು. ಆ ಆಣಿ ಕಂಡೂ ನನಗೆ ಹೊಟ್ಟೆ ಉರಿಯಿತು. ಈ ವಯಸ್ಸಿನಲ್ಲಿ, ಒಬ್ಬ ಒಳ್ಳೆಯ ಮನುಷ್ಯನ ನೋಯುವ ಬೆರಳಿನ ಮೇಲೆ.

"ಭಾರ ಪೂರ್ತಿ ಬಿಡಿ," ಎಂದೆ. "ಅಲ್ಲಾಡ್ಬೇಡಿ."

ಗೆರೆಯನ್ನು ಬೆರಳಿಗೆ ಒತ್ತಿ ಬಿಗಿಯಾಗಿ ಎಳೆದು ಕೆಡಿಸಬಹುದಿತ್ತು. ಕೆಡಿಸಲಿಲ್ಲ, ಕೆಲಸ ಕೆಡಿಸುವ ಕೈ ಅಲ್ಲ ನನ್ನದು. ಕಿರುಬೆರಳಿಗೆ ಜಾಗ ಬಿಟ್ಟು, ಅದು ಬಾಗದೆ ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ಗೆರೆ ಎಳೆದು ಕತ್ತರಿಸಿ ಕೊಟ್ಟೆ. ಆ ಅಳತೆಗೆ ಸಿಕ್ಕ ಶೂನಲ್ಲಿ ಅವರಿಗೆ ಈಗ ನೋವಿಲ್ಲವಂತೆ. ಆಮೇಲೆ ನನಗೂ ಒಂದು ಜೊತೆ ತೆಳು ಶೂ ತಂದುಕೊಂಡೆ. ಹಿಮ್ಮಡಿ ಬೈಯದಿರಲಿ ಎಂದು ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ ಈಗ ಅರ್ಧ ಗಂಟೆ ನಡೆಯುತ್ತೇನೆ. ನಿಧಾನವಾಗಿ ಶುರು ಮಾಡಿ ಅಣ್ಣ ಎಂದು ಹೇಳಿದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಈಗ ನನ್ನ ಹತ್ತಿರ ಇರುವುದು ಎಂ.ಸಿ.ಆರ್. ಚಪ್ಪಲಿ ಒಂದು ಜೊತೆ, ಸೇಫ್ಟಿ ಶೂ ಒಂದು ಜೊತೆ, ತೆಳು ಶೂ ಒಂದು ಜೊತೆ, ಮಗಳ ಪಾದದ ರಟ್ಟು ಎರಡು, ಮತ್ತು ಹೊಸ್ತಿಲಿನಿಂದ ಎರಡನೆಯದು, ಇನ್ನೂ ಕಿತ್ತು ಹಾಕದ ಟೈಲ್ ಒಂದು.