ಖಾಲಿ ನಮೂನೆಯ ಮೇಲಿನ ಸಹಿ

ಸಂಶೋಧನಾ ವಿಭಾಗದ ಗುಮಾಸ್ತೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಗಡುವಮ್ಮ. ಅದು ಆಕೆಯ ಕಿವಿಗೂ ಬಿದ್ದಿತ್ತು. ಬೇಸರ ಮಾಡಿಕೊಳ್ಳಲಿಲ್ಲ, ಇಪ್ಪತ್ತಾರು ವರ್ಷ ಮಾಡಿದ್ದೇ ಗಡುವು ಕಾಯುವ ಕೆಲಸ. ವಿಶ್ವವಿದ್ಯಾಲಯದ ಮೂರನೆಯ ಮಹಡಿಯಲ್ಲಿ ಕಬ್ಬಿಣದ ಬೀರುಗಳು ಸಾಲಾಗಿ ನಿಂತ ಕೋಣೆ. ಡಾಕ್ಟರೇಟಿಗೆ ನೋಂದಾಯಿಸಿಕೊಂಡ ನಾನೂರು ಚಿಲ್ಲರೆ ಜನರ ಕಡತಗಳು ಆಕೆಯ ವಶದಲ್ಲಿದ್ದವು. ಪ್ರತಿಯೊಬ್ಬರೂ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಡಬೇಕು. ಅದರ ಕೆಳಗೆ ಮಾರ್ಗದರ್ಶಕರು ‘ತೃಪ್ತಿಕರ’ ಅಥವಾ ‘ತೃಪ್ತಿಕರವಲ್ಲ’ ಎಂದು ಬರೆದು ಸಹಿ ಹಾಕಬೇಕು. ಸತತ ಎರಡು ಸಲ ವರದಿ ತಪ್ಪಿದರೆ ಅಥವಾ ‘ತೃಪ್ತಿಕರವಲ್ಲ’ ಎಂದಾದರೆ ಎಚ್ಚರಿಕೆ ಪತ್ರ. ಮೂರನೆಯ ಸಲಕ್ಕೆ ನೋಂದಣಿ ರದ್ದು.

ಗಂಡ ತೀರಿಕೊಂಡ ಮೇಲೆ ಆಕೆ ಅಕ್ಕನ ಜೊತೆ ಇದ್ದಳು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು, ನಾಲಿಗೆಯೂ ಕತ್ತರಿಯಷ್ಟೇ ಚೂಪು. “ನಿನ್ನ ಕೌಂಟರಿಗೆ ದೇವರೇ ಬಂದ್ರೂ ಎರಡು ಪ್ರತಿ ತಗೊಂಡು ಬಾ ಅಂತೀಯಲ್ಲೇ,” ಎನ್ನುತ್ತಿದ್ದಳು. ತಂಗಿ ತಲೆಯೆತ್ತದೆ, “ಮೂರು. ಒಂದು ನನ್ನ ಕಡತಕ್ಕೆ,” ಎನ್ನುತ್ತಿದ್ದಳು.

ಇಷ್ಟು ಬಿಗಿಯಾದ ಗಡುವಮ್ಮನೂ ಒಂದು ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಕೆಲವು ಪ್ರೊಫೆಸರುಗಳು ದೂರ ಹೋಗುವ ಮೊದಲು ಖಾಲಿ ನಮೂನೆಗಳಿಗೆ ಸಹಿ ಹಾಕಿ ವಿದ್ಯಾರ್ಥಿಗಳ ಕೈಗೆ ಕೊಡುವುದು ವಾಡಿಕೆ. ‘ತೃಪ್ತಿಕರ’ವೂ ಮೊದಲೇ ಬರೆದಿರುತ್ತಿತ್ತು. ಕೆಲಸವೇನಾಯಿತೆಂದು ವಿದ್ಯಾರ್ಥಿ ಆಮೇಲೆ ತುಂಬುತ್ತಿದ್ದ. ಸಹಿಯ ಶಾಯಿ ಒಂದು, ಬರಹದ ಶಾಯಿ ಇನ್ನೊಂದು. ಕಡತ ಭರ್ತಿಯಾಯಿತಲ್ಲ ಎಂದು ಆಕೆ ಠಸ್ಸೆ ಒತ್ತುತ್ತಿದ್ದಳು.

ಆ ವರ್ಷ ಮಾರ್ಚಿನ ಒಂದು ಬುಧವಾರ ಬೆಳಿಗ್ಗೆ ಸಸ್ಯಶಾಸ್ತ್ರದ ಸಂಶೋಧಕಿಯೊಬ್ಬಳು ವರದಿ ತಂದಿಟ್ಟಳು. ಮೂವತ್ತರ ಹೆಣ್ಣುಮಗಳು. ಹಳೆಯ ಗೋಡೆಗಳ ಮೇಲೆ ಬೂದು ಬಣ್ಣದ ಚಕ್ಕೆಗಳಂತೆ ಬೆಳೆಯುವ ಕಲ್ಲುಹೂವನ್ನು ಅಳೆದು, ಯಾವ ಬೀದಿಯ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವುದು ಅವಳ ವಿಷಯ. ನಾಲ್ಕು ವರ್ಷದಿಂದ ಏಣಿ ಹೊತ್ತು ಊರೆಲ್ಲ ಸುತ್ತಿದ್ದಳು. ಒಮ್ಮೆ ಕಾಮಾಲೆ ಬಂದು ವರದಿ ತಪ್ಪಿತ್ತು. ಮುಂದಿನ ಸಲ ಸೂಕ್ಷ್ಮದರ್ಶಕ ಕೆಟ್ಟು ಕೆಲಸ ನಿಂತಿತ್ತು, ಮಾರ್ಗದರ್ಶಕರು ಇದ್ದದ್ದನ್ನು ಇದ್ದಂತೆ ‘ತೃಪ್ತಿಕರವಲ್ಲ’ ಎಂದು ಬರೆದಿದ್ದರು. ಎಚ್ಚರಿಕೆ ಪತ್ರ ಹೋಗಿತ್ತು. ಈ ವರದಿ ಶುಕ್ರವಾರ ಸಂಜೆ ಐದರೊಳಗೆ ಕಡತ ಸೇರದಿದ್ದರೆ ನಾಲ್ಕು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಗಡುವಮ್ಮ ಕನ್ನಡಕ ಸರಿಮಾಡಿಕೊಂಡು ತಾರೀಕು ನೋಡಿದಳು. ಮಾರ್ಚ್ ಹನ್ನೆರಡು.

“ಹನ್ನೆರಡನೇ ತಾರೀಕು ನಿಮ್ಮ ಪ್ರೊಫೆಸರ್ ಎಲ್ಲಿದ್ರು?”

ಹುಡುಗಿ ನಮೂನೆಯ ಕಡೆ ಬಗ್ಗಿ ನೋಡಿದಳು.

“ನಾನೇ ಹೇಳ್ತೀನಿ. ಒಂಬತ್ತರಿಂದ ಆರು ವಾರ ರಜೆ. ಹನ್ನೆರಡಕ್ಕೆ ಎದೆ ಆಪರೇಷನ್. ರಜೆ ಆದೇಶ ಟೈಪ್ ಮಾಡಿದ್ದು ಇದೇ ಕೈ. ಎದೆ ಕೊಯ್ಯೋ ಮೇಜಿನ ಮೇಲೆ ಮಲಗಿ ನಿನ್ನ ವರದಿ ಓದಿದ್ರಾ?”

“ಹೋಗೋ ಮೊದಲು ಮೂರು ನಮೂನೆಗೆ ಸಹಿ ಹಾಕಿ ಕೊಟ್ರು ಮೇಡಂ. ಎಲ್ರೂ ಹೀಗೇ ಮಾಡ್ತಾರೆ. ನೀವೂ ತಗೊಂಡಿದ್ದೀರಿ.”

“ತಗೊಂಡಿದ್ದೀನಿ. ಆದ್ರೆ ಆ ಮನುಷ್ಯ ಪ್ರಜ್ಞೆ ತಪ್ಪಿ ಮಲಗಿದ್ದ ದಿನದ ಸಹಿ ಯಾರೂ ತಂದಿರಲಿಲ್ಲ.”

“ಹಾಗಾದ್ರೆ ತಾರೀಕು ಬದಲಾಯಿಸ್ತೀನಿ. ಎಂಟು ಅಂತ ಹಾಕಿದ್ರೆ ಆಯ್ತಲ್ಲ?”

ಮೊದಲೇ ಎಂಟು ಎಂದಿದ್ದರೆ ತಾನು ಠಸ್ಸೆ ಒತ್ತುತ್ತಿದ್ದೆ ಎಂಬುದು ಗಡುವಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಾದದ್ದು ಹಿತವಾಗಿರಲಿಲ್ಲ.

“ನನ್ನ ಕಣ್ಣೆದುರಿಗೆ ಬದಲಾಯಿಸಿದ್ದನ್ನ ನಾನು ತಗೊಳ್ಳಲ್ಲ,” ಎಂದು ನಿಯಮಾವಳಿಯ ಮೂವತ್ತೊಂದನೆಯ ಪುಟ ತೆರೆದು ಅವಳ ಕಡೆ ತಿರುಗಿಸಿದಳು. “ಓದು.”

ಮಾರ್ಗದರ್ಶಕರು ಇಲ್ಲದಿದ್ದಾಗ ವಿಭಾಗದ ಮುಖ್ಯಸ್ಥರೂ ಇನ್ನಿಬ್ಬರು ಅಧ್ಯಾಪಕರೂ ಕೂತು, ವಿದ್ಯಾರ್ಥಿಯನ್ನು ಪ್ರಶ್ನಿಸಿ ವರದಿ ಬರೆಯಬಹುದು ಎಂದಿತ್ತು. ಸಂಶೋಧನಾ ವಿಭಾಗದವರು ಕೂತು ನಡಾವಳಿ ಬರೆದುಕೊಳ್ಳಬೇಕು ಎಂದೂ ಇತ್ತು. ಆ ನಿಯಮವನ್ನು ಯಾರಾದರೂ ಬಳಸಿದ್ದು ಗಡುವಮ್ಮನಿಗೆ ನೆನಪಿರಲಿಲ್ಲ.

“ಮುಖ್ಯಸ್ಥರ ಮುಂದೆಯಾ? ಅವರು ಮನುಷ್ಯರನ್ನ ಹಿಂಡಿ ಒಣಗಿಹಾಕ್ತಾರೆ ಮೇಡಂ!”

“ಕೆಲಸ ಮಾಡಿದ್ದೀಯಾ, ಇಲ್ವಾ?”

“ಮಾಡಿದ್ದೀನಿ. ನೂರಾ ಹನ್ನೆರಡು ಗೋಡೆ.”

“ಹಾಗಾದ್ರೆ ಹಿಂಡಿದ್ರೆ ಏನಾದ್ರೂ ಬರುತ್ತೆ. ಅರ್ಜಿ ಬರಿ.”

ಅರ್ಜಿಗೆ ಆ ಹನ್ನೆರಡರ ನಮೂನೆಯನ್ನೂ ಲಗತ್ತಿಸಿ ಗಡುವಮ್ಮ ತಾನೇ ಹೊತ್ತು ಎರಡು ಮಹಡಿ ಇಳಿದಳು. ಮುಖ್ಯಸ್ಥರು ಓದಿ, “ನಿಮಗ್ಯಾಕಮ್ಮ ಈ ಉಸಾಬರಿ?” ಎಂದರು. “ನಿಯಮ ಇದೆ ಸರ್, ಶುಕ್ರವಾರ ಐದು ಗಂಟೆಯೂ ಇದೆ,” ಎಂದಳು. ಅವರು ಗೊಣಗುತ್ತ ಶುಕ್ರವಾರ ಹನ್ನೊಂದಕ್ಕೆ ಗೊತ್ತುಮಾಡಿದರು.

ಅಂದು ಹುಡುಗಿ ಏಳು ನೋಟ್‌ಪುಸ್ತಕ ಅವುಚಿಕೊಂಡು ಬಂದಳು. ಮೊದಲ ಹತ್ತು ನಿಮಿಷ ಅವಳ ಮಾತು ತಡವರಿಸಿತು. ಮುಖ್ಯಸ್ಥರು ಕಿಟಕಿಯಾಚೆ ಕೈ ತೋರಿಸಿ, “ಈ ನಮ್ಮ ಕಾಂಪೌಂಡ್ ಗೋಡೆ ಏನು ಹೇಳುತ್ತೆ ಹೇಳಿ ನೋಡೋಣ,” ಎಂದರು.

“ಅದು ಏನೂ ಹೇಳಲ್ಲ ಸರ್. ಹೋದ ವರ್ಷ ನೀವೇ ಸುಣ್ಣ ಹೊಡೆಸಿದ್ರಿ. ಅಲ್ಲಿದ್ದ ಹದಿನೇಳು ಚಕ್ಕೆನೂ ಸತ್ತುಹೋದ್ವು.”

ಅಧ್ಯಾಪಕರಲ್ಲೊಬ್ಬರು ಕೆಮ್ಮಿನಲ್ಲಿ ನಗು ಅಡಗಿಸಿದರು. ಅಲ್ಲಿಂದ ಅವಳ ಮಾತು ಸಲೀಸಾಯಿತು. ಆದರೆ ಇನ್ನೊಬ್ಬ ಅಧ್ಯಾಪಕಿ ಮೊದಲ ಎರಡು ನೋಟ್‌ಪುಸ್ತಕ ಮಗುಚುತ್ತಿದ್ದರು. “ಗೋಡೆ ಯಾವ ದಿಕ್ಕಿಗೆ ಮುಖಮಾಡಿದೆ ಅಂತ ಎಲ್ಲಿ ಬರೆದಿದ್ದೀಯಮ್ಮ?” ಎಂದರು. “ಬಿಸಿಲು ಬೀಳೋ ಗೋಡೆ, ನೆರಳಿನ ಗೋಡೆ ಎರಡೂ ಒಂದೇನಾ?”

ನಲವತ್ತೊಂದನೆಯ ಗೋಡೆಯಿಂದ ಮುಂದೆ ದಿಕ್ಕು ಇತ್ತು. ಮೊದಲ ನಲವತ್ತಕ್ಕೆ ಇರಲಿಲ್ಲ.

“ಇದನ್ನ ನಿಮ್ಮ ಮಾರ್ಗದರ್ಶಕರು ಕೇಳಲಿಲ್ವಾ?”

“ಅವರು... ಈ ಪುಸ್ತಕ ನೋಡಿರಲಿಲ್ಲ,” ಎಂದಳು ಹುಡುಗಿ. ನಡಾವಳಿ ಬರೆಯಲು ಕೂತಿದ್ದ ಗಡುವಮ್ಮ ಆ ಮಾತನ್ನೂ ಬರೆದುಕೊಂಡಳು.

ಅವಳನ್ನು ಹೊರಗೆ ಕೂರಿಸಿ ಮೂವರೂ ಚರ್ಚಿಸಿದರು. ಮುಖ್ಯಸ್ಥರು ‘ತೃಪ್ತಿಕರವಲ್ಲ’ ಎಂದೇ ಬರೆಯಹೊರಟಿದ್ದರು. ತಪ್ಪು ಹಿಡಿದ ಅಧ್ಯಾಪಕಿಯೇ ತಡೆದರು: “ಎಪ್ಪತ್ತೆರಡು ಗೋಡೆ ನೆಟ್ಟಗಿದೆ. ನಲವತ್ತು ಮತ್ತೆ ಅಳೀಲಿ.” ಕೊನೆಗೆ ‘ಷರತ್ತಿಗೊಳಪಟ್ಟು ತೃಪ್ತಿಕರ’ ಎಂದಾಯಿತು. ಆರು ತಿಂಗಳೊಳಗೆ ನಲವತ್ತು ಗೋಡೆ ಮುಗಿಯದಿದ್ದರೆ ನೋಂದಣಿ ರದ್ದು, ಬೇರೆ ಅವಕಾಶವಿಲ್ಲ.

ಮುಖ್ಯಸ್ಥರು ಸಹಿ ಹಾಕುತ್ತ ಗಡುವಮ್ಮನನ್ನು ಕೇಳಿದರು: “ಇಂಥ ಖಾಲಿ ನಮೂನೆ ನಿಮ್ಮ ಕೈ ದಾಟಿ ಎಷ್ಟು ಹೋಗಿದೆ?”

“ಎಣಿಸಿಲ್ಲ ಸರ್. ಬಹಳ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

“ಬರೆದು ಕೊಡಿ.”

ಆಕೆ ಅಲ್ಲಿಯೇ ಒಂದು ಹಾಳೆ ತೆಗೆದು ಎಂಟು ಸಾಲು ಬರೆದಳು. ಕ್ಷಮೆ ಕೇಳಲಿಲ್ಲ, ಕಾರಣವನ್ನೂ ಕೊಡಲಿಲ್ಲ. ಆ ಹಾಳೆಯಿಂದಾಗಿ ಮುಂದೆ ಆಕೆಗೆ ಒಂದು ವರ್ಷದ ವೇತನ ಬಡ್ತಿ ತಪ್ಪಿತು. ಅಕ್ಕ ಎರಡು ದಿನ ಬೈದಳು.

ಮೂರನೆಯ ಮಹಡಿಗೆ ಹತ್ತಿ ವರದಿಯನ್ನು ಕಡತಕ್ಕೆ ಪೋಣಿಸುವಾಗ ಒಂದೂವರೆ ಗಂಟೆ. ಹುಡುಗಿ ಕೌಂಟರಿನ ಎದುರು ನಿಂತಿದ್ದಳು. ಕಣ್ಣು ಕೆಂಪಗಿತ್ತು.

“ಉಳಿದ ಎರಡು ನಮೂನೆ ಎಲ್ಲಿ?”

ಹುಡುಗಿ ಚೀಲದಿಂದ ತೆಗೆದಿಟ್ಟಳು. ಗಡುವಮ್ಮ ಎರಡರ ಮೇಲೂ ಅಡ್ಡಗೆರೆ ಎಳೆದಳು.

“ನಲವತ್ತರಲ್ಲಿ ಆರು ಗೋಡೆ ಈಗ ಇಲ್ವೇ ಇಲ್ಲ ಮೇಡಂ. ಕೆಡವಿ ಕಟ್ಟಡ ಕಟ್ಟಿದ್ದಾರೆ. ಅದಕ್ಕೇನು ಮಾಡಲಿ?”

“ಇಲ್ಲ ಅಂತ ಬರೆದು ಅರ್ಜಿ ಕೊಡು. ಇವತ್ತೇ. ಆರು ತಿಂಗಳಾದ ಮೇಲೆ ಹೇಳಿದ್ರೆ ನೆಪ ಅಂತಾರೆ.”

ಹುಡುಗಿ ಗೋಡೆಬದಿಯ ಬೆಂಚಿನ ಮೇಲೆ ಕೂತು, ಮೊದಲ ನೋಟ್‌ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಇಲ್ಲವಾದ ಗೋಡೆಗಳ ವಿಳಾಸಗಳನ್ನು ಒಂದೊಂದಾಗಿ ಬರೆಯತೊಡಗಿದಳು.